ಮನೆಯಲ್ಲಿ ವಾಹನದ ಡಿಫರೆನ್ಷಿಯಲ್ ವೆಲ್ಡಿಂಗ್: ಸುರಕ್ಷತಾ ದೋಷಗಳು ಹಾಗೂ ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳು

ಸಾರ್ವಜನಿಕರ ಗಮನಕ್ಕೆ

ಕಳ್ಳಂಬೆಳ್ಳ ಹೋಬಳಿ ಸೇರಿದಂತೆ ಶಿರಾ, ಮಧುಗಿರಿ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಹಳೆಯ ಕಾರು, ಜೀಪು ಮತ್ತು ಲಘು ಸರಕು ವಾಹನಗಳನ್ನು ಹೊಂದಿರುವವರು, ಖರೀದಿಸುವವರು ಹಾಗೂ ಮಾಲೀಕತ್ವ ವರ್ಗಾವಣೆ, ಅರ್ಹತಾ ಪತ್ರ, ನೋಂದಣಿ ನವೀಕರಣ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಪೀಠಿಕೆ

ವಾಹನದ ಬಣ್ಣ, ದೀಪ, ಟೈರು ಅಥವಾ ಸೈಲೆನ್ಸರನ್ನು ಬದಲಾಯಿಸಿದರೆ ಅದು ನೋಡಿದವರಿಗೆಲ್ಲ ಕಾಣುತ್ತದೆ. ಆದರೆ ಹಿಂಬದಿಯ ಆಕ್ಸಲ್ ಹೌಸಿಂಗ್‌ನ ಒಳಗೆ ಮಾಡಿದ ಮಾರ್ಪಾಡು ಯಾರಿಗೂ ಕಾಣುವುದಿಲ್ಲ. ಡಿಫರೆನ್ಷಿಯಲ್‌ನ ಒಳಗಿನ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿ ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗುವಂತೆ ಬಂಧಿಸುವುದು ಇಂತಹ ಮಾರ್ಪಾಡುಗಳಲ್ಲಿ ಒಂದು. ಇದನ್ನು ಮಾಡಿದ ವ್ಯಕ್ತಿಗೆ ವಾಹನದ ನಡವಳಿಕೆ ಬದಲಾಗಿರುವುದು ಗೊತ್ತಿರುತ್ತದೆ. ಆ ವಾಹನವನ್ನು ಮುಂದೆ ಖರೀದಿಸುವವರಿಗೆ, ಎರವಲು ಪಡೆದು ಚಲಾಯಿಸುವವರಿಗೆ, ಅದರಲ್ಲಿ ಕುಳಿತು ಸಂತೆಗೂ ಜಾತ್ರೆಗೂ ಹೋಗುವವರಿಗೆ ಅದು ಗೊತ್ತಿರುವುದಿಲ್ಲ. ಒಬ್ಬರು ಉಳಿಸಿದ ಹಣಕ್ಕೆ ಬೇರೊಬ್ಬರು ಅಪಾಯವನ್ನು ಹೊರಬೇಕಾಗುತ್ತದೆ ಎಂಬುದೇ ಈ ಮಾರ್ಪಾಡಿನ ಮುಖ್ಯ ದೋಷವಾಗಿದೆ.

ಕಳ್ಳಂಬೆಳ್ಳವು ಬೆಂಗಳೂರು–ಪುಣೆ ಮಾರ್ಗದ ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ ರಾಷ್ಟ್ರೀಯ ಹೆದ್ದಾರಿ 4) ಮೇಲಿದೆ. ಹೊಲ, ತೋಟ ಹಾಗೂ ಹಳ್ಳಿಯ ಕಚ್ಚಾ ರಸ್ತೆಗಳಲ್ಲಿ ಓಡಾಡುವ ವಾಹನಗಳು ಇಲ್ಲಿ ಕೆಲವೇ ನಿಮಿಷಗಳಲ್ಲಿ ಭಾರಿ ಲಾರಿಗಳು ವೇಗವಾಗಿ ಸಾಗುವ ಹೆದ್ದಾರಿಯನ್ನು ಸೇರುತ್ತವೆ. 2022ರ ಆಗಸ್ಟ್ 25ರಂದು ರಾಯಚೂರು ಜಿಲ್ಲೆಯಿಂದ ಬೆಂಗಳೂರಿನತ್ತ ಕಾರ್ಮಿಕರನ್ನು ಕರೆದೊಯ್ಯುತ್ತಿದ್ದ ಕ್ರೂಸರ್ ವಾಹನವು ಕಳ್ಳಂಬೆಳ್ಳದ ಬಳಿ ಲಾರಿಗೆ ಡಿಕ್ಕಿ ಹೊಡೆದು 9 ಜನರು ಮೃತಪಟ್ಟರು. ಆ ದುರಂತವು ಇಲ್ಲಿ ವಿವರಿಸುವ ಮಾರ್ಪಾಡಿನಿಂದ ಸಂಭವಿಸಿತೆಂದು ಅರ್ಥೈಸತಕ್ಕದ್ದಲ್ಲ. ಈ ಹೆದ್ದಾರಿಯಲ್ಲಿ ಚಾಲಕನ ನಿಯಂತ್ರಣವು ಒಂದು ಕ್ಷಣ ತಪ್ಪಿದರೂ ಎಷ್ಟು ಜೀವಗಳಿಗೆ ಹಾನಿಯಾಗಬಹುದು ಎಂಬುದನ್ನು ನೆನಪಿಸುವುದಷ್ಟೇ ಇಲ್ಲಿನ ಉದ್ದೇಶ.

2. ಡಿಫರೆನ್ಷಿಯಲ್ ಎಂದರೇನು?

ಎಂಜಿನ್ನಿನ ಶಕ್ತಿಯು ಗೇರ್‌ಬಾಕ್ಸ್ ಹಾಗೂ ಪ್ರೊಪೆಲ್ಲರ್ ಷಾಫ್ಟ್ ಮೂಲಕ ಹಿಂಬದಿಯ ಆಕ್ಸಲ್‌ಗೆ ಬರುತ್ತದೆ. ಅಲ್ಲಿ ಪಿನಿಯನ್ ಗೇರು ಕ್ರೌನ್ ಗೇರನ್ನು ತಿರುಗಿಸುತ್ತದೆ. ಕ್ರೌನ್ ಗೇರಿಗೆ ಜೋಡಿಸಿದ ಪೆಟ್ಟಿಗೆಯೊಳಗೆ ಚಿಕ್ಕ ಸ್ಟಾರ್ ಪಿನಿಯನ್‌ಗಳು ಮತ್ತು ಎರಡು ಸನ್ ಗೇರುಗಳು ಇರುತ್ತವೆ. ಪ್ರತಿ ಸನ್ ಗೇರಿಗೆ ಒಂದೊಂದು ಆಕ್ಸಲ್ ಷಾಫ್ಟ್ ಸೇರಿರುತ್ತದೆ. ಈ ಜೋಡಣೆಯನ್ನೇ ಡಿಫರೆನ್ಷಿಯಲ್ ಎನ್ನುತ್ತಾರೆ. ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳಲ್ಲಿ ಇದೇ ಜೋಡಣೆಯು ಗೇರ್‌ಬಾಕ್ಸ್‌ನೊಂದಿಗೇ ಅಡಕವಾಗಿರುತ್ತದೆ. 1820ರ ದಶಕದಲ್ಲಿ ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಕೂರ್ ಎಂಬುವರು ಉಗಿಬಂಡಿಗಾಗಿ ಇಂತಹ ಜೋಡಣೆಗೆ ಹಕ್ಕುಸ್ವಾಮ್ಯ ಪಡೆದರು. ಇಂದಿನ ಕಾರುಗಳಲ್ಲಿಯೂ ಅದೇ ತತ್ವವು ಬಳಕೆಯಲ್ಲಿದೆ.

ಡಿಫರೆನ್ಷಿಯಲ್‌ನ ಅಗತ್ಯವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ವಾಹನವು ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡು ಹಿಂಚಕ್ರಗಳ ನಡುವಿನ ಅಂತರ 1.3 ಮೀಟರ್ ಇದೆ ಎಂದು ಭಾವಿಸೋಣ. ರಸ್ತೆಯಿಂದ ಅಡ್ಡರಸ್ತೆಗೆ 90 ಡಿಗ್ರಿ ತಿರುಗಿದರೆ ಎರಡೂ ಚಕ್ರಗಳು ಸಾಗುವ ದೂರದಲ್ಲಿ ಸುಮಾರು 2 ಮೀಟರ್ ವ್ಯತ್ಯಾಸವಾಗುತ್ತದೆ. ಪೂರ್ಣ ಹಿಂದಿರುಗುವ ತಿರುವಿನಲ್ಲಿ, ಅಂದರೆ ಯು-ಟರ್ನ್‌ನಲ್ಲಿ, ಈ ವ್ಯತ್ಯಾಸವು ಸುಮಾರು 4 ಮೀಟರ್ ಆಗುತ್ತದೆ. 60 ಸೆಂಟಿಮೀಟರ್ ವ್ಯಾಸದ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಆದ್ದರಿಂದ ಒಂದು ಅಡ್ಡರಸ್ತೆಗೆ ತಿರುಗುವಷ್ಟರಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಒಂದು ಸುತ್ತಿಗಿಂತಲೂ ತುಸು ಹೆಚ್ಚು ತಿರುಗಲೇಬೇಕು. ಡಿಫರೆನ್ಷಿಯಲ್ ಇದಕ್ಕೆ ಅವಕಾಶ ಮಾಡಿಕೊಡುತ್ತದೆ. ಅದನ್ನು ವೆಲ್ಡ್ ಮಾಡಿದಾಗ ಈ ಅವಕಾಶವು ಶಾಶ್ವತವಾಗಿ ಇಲ್ಲವಾಗುತ್ತದೆ. ಉಳಿದ 2 ಮೀಟರ್ ವ್ಯತ್ಯಾಸವನ್ನು ಟೈರು ರಸ್ತೆಗೆ ಉಜ್ಜಿಕೊಂಡೇ ತೀರಿಸಬೇಕು. ಇಲ್ಲವೇ ಆಕ್ಸಲ್ ಷಾಫ್ಟ್ ತಿರುಚಿಕೊಳ್ಳಬೇಕು.

3. ಜನರು ವೆಲ್ಡಿಂಗ್ ಮಾಡಿಸುವುದೇಕೆ?

ಸಾಮಾನ್ಯವಾಗಿ ಕೆಳಕಂಡ ಕಾರಣಗಳಿರುತ್ತವೆ.

(ಅ) ಸಾಧಾರಣ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರವು ಕೆಸರಿನಲ್ಲಿ ಅಥವಾ ಮರಳಿನಲ್ಲಿ ಸಿಕ್ಕಿಕೊಂಡು ಗಿರಗಿರನೆ ತಿರುಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ಸಾಕಷ್ಟು ಎಳೆತ ದೊರೆಯುವುದಿಲ್ಲ. ಮಳೆಗಾಲದಲ್ಲಿ ಶೇಂಗಾ ಹೊಲದಿಂದ, ಹಳ್ಳದ ಮರಳಿನಿಂದ ಅಥವಾ ಕೆರೆಯಂಗಳದಿಂದ ವಾಹನವನ್ನು ಹೊರತೆಗೆಯಲು ಎರಡೂ ಚಕ್ರಗಳನ್ನು ಒಂದಾಗಿ ಬಂಧಿಸುವುದು ಸುಲಭದ ಉಪಾಯವೆಂದು ತೋರುತ್ತದೆ.

(ಆ) ಸ್ಟಾರ್ ಪಿನಿಯನ್‌ನ ಹಲ್ಲು ಮುರಿದಾಗ ಹೊಸ ಬಿಡಿಭಾಗಕ್ಕೆ ತಗಲುವ ವೆಚ್ಚವನ್ನು ಉಳಿಸಲು ಕೆಲವರು ಗೇರುಗಳನ್ನು ವೆಲ್ಡ್ ಮಾಡಿಸಿ ವಾಹನವನ್ನು ಓಡಿಸುತ್ತಾರೆ.

(ಇ) ವಾಹನವನ್ನು ಅಡ್ಡಲಾಗಿ ಜಾರಿಸುವ ಡ್ರಿಫ್ಟಿಂಗ್ ಎಂಬ ಮೋಟಾರು ಕ್ರೀಡೆಯ ದೃಶ್ಯಗಳನ್ನು ನೋಡಿ ಯುವಕರು ಇದಕ್ಕೆ ಕೈಹಾಕುವುದುಂಟು. ಆ ಕ್ರೀಡೆಯಲ್ಲಿ ಹಿಂಚಕ್ರಗಳು ಹಿಡಿತ ಕಳೆದುಕೊಳ್ಳುವುದೇ ಗುರಿಯಾಗಿರುತ್ತದೆ. ಅದು ನಡೆಯುವುದು ಎದುರು ವಾಹನಗಳಿಲ್ಲದ ಮುಚ್ಚಿದ ಮೈದಾನದಲ್ಲಿ. ಸಾರ್ವಜನಿಕ ರಸ್ತೆಯಲ್ಲಿ ಗುರಿಯು ಇದಕ್ಕೆ ತದ್ವಿರುದ್ಧವಾಗಿದೆ.

ಟ್ರ್ಯಾಕ್ಟರ್ ಬಳಸುವ ರೈತರಿಗೆ ಈ ವಿಷಯ ಹೊಸದೇನಲ್ಲ. ಟ್ರ್ಯಾಕ್ಟರ್‌ನಲ್ಲಿ ಡಿಫರೆನ್ಷಿಯಲ್ ಲಾಕ್ ಎಂಬ ಪೆಡಲ್ ಇರುತ್ತದೆ. ಒಂದು ಚಕ್ರ ಜಾರಿದಾಗ ಅದನ್ನು ತುಳಿದು ನೇರವಾಗಿ ಸಾಗಿ, ತಿರುಗುವ ಮೊದಲು ಬಿಟ್ಟುಬಿಡಬೇಕೆಂಬುದು ಪ್ರತಿ ಟ್ರ್ಯಾಕ್ಟರ್ ಚಾಲಕನಿಗೂ ತಿಳಿದ ನಿಯಮ. ಲಾಕ್ ಹಾಕಿಯೇ ತಿರುಗಿಸಿದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಗೇರು ಅಥವಾ ಆಕ್ಸಲ್ ಮುರಿಯಬಹುದು. ವೆಲ್ಡ್ ಮಾಡಿದ ಡಿಫರೆನ್ಷಿಯಲ್ ಎಂದರೆ ಎಂದಿಗೂ ಬಿಡಲಾಗದ ಲಾಕ್. ಹೊಲದಲ್ಲಿ ಕೆಲವು ನಿಮಿಷಗಳಿಗಷ್ಟೇ ಬೇಕಾದ ಅನುಕೂಲವನ್ನು ಹೆದ್ದಾರಿಯ ಪ್ರತಿ ತಿರುವಿಗೂ ಕೊಂಡೊಯ್ದಂತಾಗುತ್ತದೆ.

4. ರಸ್ತೆಯ ಮೇಲೆ ಉಂಟಾಗುವ ಸುರಕ್ಷತಾ ದೋಷಗಳು

4.1 ತಿರುವಿನಲ್ಲಿ ನೇರಕ್ಕೆ ಎಳೆತ: ಬಂಧಿತವಾದ ಹಿಂಚಕ್ರಗಳು ವಾಹನವನ್ನು ನೇರವಾಗಿಯೇ ತಳ್ಳುತ್ತವೆ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ವಾಹನವು ನಿರೀಕ್ಷಿಸಿದ್ದಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುತ್ತದೆ. ಮಧ್ಯದಲ್ಲಿ ವಿಭಜಕವಿಲ್ಲದ ದ್ವಿಪಥ ರಸ್ತೆಗಳ ಎಡ ತಿರುವಿನಲ್ಲಿ ವಾಹನವು ಎದುರು ಬರುವ ವಾಹನಗಳ ಪಥಕ್ಕೆ ನುಗ್ಗುವ ಸಂಭವವಿರುತ್ತದೆ. ಬಲ ತಿರುವಿನಲ್ಲಿ ರಸ್ತೆಯ ಅಂಚು ಮೀರಿ ಪಾದಚಾರಿಗಳತ್ತ ಸಾಗಬಹುದು.

4.2 ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರುವಿಕೆ: ಸಾಧಾರಣ ಡಿಫರೆನ್ಷಿಯಲ್ ಇರುವ ವಾಹನದಲ್ಲಿ ಒಂದು ಚಕ್ರ ಜಾರಿದರೂ ಇನ್ನೊಂದು ಚಕ್ರವು ಹಿಂಭಾಗವನ್ನು ಅಡ್ಡಲಾಗಿ ಜಾರದಂತೆ ಹಿಡಿದಿಡುತ್ತದೆ. ಎರಡೂ ಚಕ್ರಗಳನ್ನು ಬಂಧಿಸಿದಾಗ ಎರಡೂ ಒಟ್ಟಿಗೇ ಹಿಡಿತ ಕಳೆದುಕೊಳ್ಳುತ್ತವೆ. ಆಗ ವಾಹನದ ಹಿಂಭಾಗವು ಹಠಾತ್ತನೆ ಪಕ್ಕಕ್ಕೆ ತಿರುಗುತ್ತದೆ. ವರ್ಷದ ಮೊದಲ ಮಳೆಯಲ್ಲಿ ರಸ್ತೆಯ ಮೇಲಿನ ಧೂಳು ಮತ್ತು ಎಣ್ಣೆ ನೀರಿನೊಂದಿಗೆ ಬೆರೆತಾಗ ಈ ಅಪಾಯವು ಅತ್ಯಧಿಕ. ಅಂದರೆ ಒಂದೇ ವಾಹನವು ಒಣ ರಸ್ತೆಯಲ್ಲಿ ತಿರುಗಲು ಒಪ್ಪುವುದಿಲ್ಲ. ಒದ್ದೆ ರಸ್ತೆಯಲ್ಲಿ ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತದೆ. ಪರಿಚಯವಿಲ್ಲದ ಚಾಲಕನಿಗೆ ಇದನ್ನು ಊಹಿಸಲು ಸಾಧ್ಯವಿಲ್ಲ.

4.3 ಆಕ್ಸಲ್ ಷಾಫ್ಟ್ ಮುರಿಯುವಿಕೆ: ಪ್ರತಿ ತಿರುವಿನಲ್ಲೂ ಷಾಫ್ಟ್‌ಗಳು ತಿರುಚುವ ಒತ್ತಡಕ್ಕೆ ಒಳಗಾಗಿ ಲೋಹವು ದಣಿಯುತ್ತದೆ. ಅನೇಕ ಕಾರು ಹಾಗೂ ಜೀಪುಗಳಲ್ಲಿ ಚಕ್ರವನ್ನು ಹೊರುವುದೂ ಅದೇ ಷಾಫ್ಟ್ ಆಗಿರುತ್ತದೆ. ಅಂತಹ ವಾಹನದಲ್ಲಿ ಷಾಫ್ಟ್ ತುಂಡಾದರೆ ಶಕ್ತಿ ನಿಂತುಹೋಗುವುದರ ಜೊತೆಗೆ ಚಕ್ರವೇ ಕಳಚಿ ಹೊರಬರಬಹುದು.

4.4 ಬ್ರೇಕ್ ವ್ಯವಸ್ಥೆಗೆ ಅಡ್ಡಿ: ಭಾರತದಲ್ಲಿ 2019ರ ಏಪ್ರಿಲ್‌ನಿಂದ ತಯಾರಾಗುವ ಎಲ್ಲ ಕಾರುಗಳಿಗೂ ಎಬಿಎಸ್ ಬ್ರೇಕ್ ವ್ಯವಸ್ಥೆಯನ್ನು ಕಡ್ಡಾಯಗೊಳಿಸಲಾಗಿದೆ. ಈ ವ್ಯವಸ್ಥೆಯು ಚಕ್ರಗಳ ವೇಗವನ್ನು ಪ್ರತ್ಯೇಕವಾಗಿ ಅಳೆದು ಬ್ರೇಕನ್ನು ನಿಯಂತ್ರಿಸುತ್ತದೆ. ವಾಹನದ ಸ್ಥಿರತೆಯನ್ನು ಕಾಯುವ ವಿದ್ಯುನ್ಮಾನ ವ್ಯವಸ್ಥೆಯೂ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ವಾಹನವನ್ನು ನೇರಗೊಳಿಸುತ್ತದೆ. ಎರಡು ಚಕ್ರಗಳನ್ನು ಒಂದಾಗಿ ಬಂಧಿಸಿದರೆ ಒಂದರ ಬ್ರೇಕ್ ಇನ್ನೊಂದಕ್ಕೂ ವರ್ಗಾವಣೆಯಾಗಿ ಈ ರಕ್ಷಣೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ.

4.5 ಟೈರಿನ ಸವೆತ: ಉಜ್ಜುವಿಕೆಯಿಂದ ಹಿಂದಿನ ಟೈರುಗಳು ಬೇಗನೆ ಸವೆಯುತ್ತವೆ. ಸವೆದ ಟೈರು ಮಳೆಯಲ್ಲಿ ಮೇಲೆ 4.2ರಲ್ಲಿ ತಿಳಿಸಿದ ಜಾರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

4.6 ಮುಂಚಕ್ರ ಚಾಲಿತ ಕಾರುಗಳು: ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಈ ವರ್ಗಕ್ಕೆ ಸೇರಿವೆ. ಇವುಗಳಲ್ಲಿ ಡಿಫರೆನ್ಷಿಯಲನ್ನು ಬಂಧಿಸಿದರೆ ದಿಕ್ಕು ಬದಲಿಸುವ ಚಕ್ರಗಳೇ ಒಂದಕ್ಕೊಂದು ಸೆಣಸುತ್ತವೆ. ಸ್ಟಿಯರಿಂಗ್ ಅತಿಯಾಗಿ ಭಾರವಾಗಿ, ಕೈಯಿಂದ ಸೆಳೆದುಕೊಳ್ಳುವಂತಾಗುತ್ತದೆ.

5. ವೆಲ್ಡಿಂಗ್‌ನಿಂದ ಲೋಹಕ್ಕೆ ಆಗುವ ಹಾನಿ

ಡಿಫರೆನ್ಷಿಯಲ್ ಗೇರುಗಳು ಸಾಧಾರಣ ಕಬ್ಬಿಣವಲ್ಲ. ಅವುಗಳ ಹಲ್ಲಿನ ಮೇಲ್ಮೈಯನ್ನು ಕಾರ್ಖಾನೆಯಲ್ಲಿ ನಿಯಂತ್ರಿತ ಶಾಖದಿಂದ ಗಟ್ಟಿಗೊಳಿಸಿ, ಒಳಭಾಗವನ್ನು ಬಾಗುವ ಗುಣವುಳ್ಳದ್ದಾಗಿ ಉಳಿಸಿರುತ್ತಾರೆ. ಗೇಟು, ಗ್ರಿಲ್ ಬೆಸೆಯುವ ಸಾಧಾರಣ ವೆಲ್ಡಿಂಗ್ ಕಡ್ಡಿಯಿಂದ ಇವುಗಳನ್ನು ಬೆಸೆದಾಗ ಆ ಶಾಖ ಸಂಸ್ಕಾರವು ಕೆಡುತ್ತದೆ. ಬೆಸುಗೆಯ ಅಂಚಿನ ಲೋಹವು ಬೇಗನೆ ತಣ್ಣಗಾಗಿ ಗಾಜಿನಂತೆ ಬಿರುಸಾಗುತ್ತದೆ. ಬರಿಗಣ್ಣಿಗೆ ಕಾಣದ ಬಿರುಕುಗಳು ಅಲ್ಲಿಂದಲೇ ಆರಂಭವಾಗುತ್ತವೆ. ಗೇರುಗಳನ್ನು ಹೊತ್ತ ಪೆಟ್ಟಿಗೆಯು ಅನೇಕ ವಾಹನಗಳಲ್ಲಿ ಎರಕದ ಕಬ್ಬಿಣದ್ದಾಗಿದ್ದು, ಅದನ್ನು ಬೆಸೆಯುವುದು ಇನ್ನೂ ಕಷ್ಟಕರ.

ಬೆಸುಗೆಯು ಬಿಟ್ಟುಕೊಳ್ಳುವುದು ಒತ್ತಡ ಹೆಚ್ಚಿರುವ ಸಮಯದಲ್ಲಿಯೇ, ಅಂದರೆ ತಿರುವಿನಲ್ಲಿ ಅಥವಾ ತುಂಬಿದ ಭಾರವನ್ನು ಎಳೆಯುವಾಗ. ಮುರಿದ ತುಂಡು ಕ್ರೌನ್ ಮತ್ತು ಪಿನಿಯನ್ ನಡುವೆ ಸಿಕ್ಕಿದರೆ ಎರಡೂ ಹಿಂಚಕ್ರಗಳು ಒಮ್ಮೆಲೇ ಸ್ಥಗಿತಗೊಳ್ಳಬಹುದು. ಚಾಲಕನು ಬ್ರೇಕ್ ಮುಟ್ಟದಿದ್ದರೂ ಹಿಂಚಕ್ರಗಳು ನಿಂತು, ಹಿಂದಿನಿಂದ ಬರುವ ಲಾರಿಯ ಮುಂದೆ ವಾಹನವು ಅಡ್ಡಲಾಗುತ್ತದೆ. ಇದಲ್ಲದೆ ಬೆಸುಗೆಯ ಸಿಡಿಕಣಗಳು ಗೇರ್ ಎಣ್ಣೆಯಲ್ಲಿ ಸೇರಿ ಬೇರಿಂಗ್‌ಗಳನ್ನು ತಿನ್ನುತ್ತವೆ.

6. ಮನೆಯಲ್ಲಿ ಈ ಕೆಲಸ ಮಾಡುವಾಗಿನ ಅಪಾಯಗಳು

(1) ಅನೇಕ ವಾಹನಗಳಲ್ಲಿ ಇಂಧನ ಟ್ಯಾಂಕ್ ಮತ್ತು ಇಂಧನ ಕೊಳವೆಗಳು ಹಿಂಬದಿಯ ಆಕ್ಸಲ್‌ಗೆ ಸಮೀಪದಲ್ಲಿರುತ್ತವೆ. ವೆಲ್ಡಿಂಗ್ ಕಿಡಿಯಿಂದ ಬೆಂಕಿ ಹೊತ್ತಿಕೊಳ್ಳಲು ಅಲ್ಪ ಸೋರಿಕೆಯೂ ಸಾಕು.

(2) ಆಕ್ಸಲ್ ಹೌಸಿಂಗ್‌ನಲ್ಲಿ ಉಳಿದ ಗೇರ್ ಎಣ್ಣೆಯು ಕಾದು ಉರಿಯುವ ಹೊಗೆಯನ್ನು ಹೊರಸೂಸುತ್ತದೆ. ಎಣ್ಣೆಯನ್ನು ತೆಗೆಯಲು ಪೆಟ್ರೋಲ್ ಬಳಸುವುದು ಇನ್ನೂ ಅಪಾಯಕಾರಿ. ಕ್ಲೋರಿನ್‌ಯುಕ್ತ ಶುಚಿಕಾರಕ ದ್ರಾವಣದ ಶೇಷವು ವೆಲ್ಡಿಂಗ್ ಜ್ವಾಲೆಗೆ ತಗಲಿದರೆ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಉತ್ಪತ್ತಿಯಾಗಬಹುದು.

(3) ಜಾಕ್ ಒಂದನ್ನೇ ನಂಬಿ ವಾಹನದ ಕೆಳಗೆ ಮಲಗುವುದು ಪ್ರಾಣಾಪಾಯಕರ. ಕಲ್ಲು ಅಥವಾ ಇಟ್ಟಿಗೆಯ ಆಧಾರವು ಭಾರಕ್ಕೆ ಒಡೆಯಬಹುದು.

(4) ಸರಿಯಾದ ಅರ್ಥಿಂಗ್ ಇಲ್ಲದ ಮನೆಯ ವಿದ್ಯುತ್ ಸಂಪರ್ಕದಿಂದ ವೆಲ್ಡಿಂಗ್ ಯಂತ್ರ ನಡೆಸಿದರೆ ವಿದ್ಯುದಾಘಾತವಾಗಬಹುದು. ಒದ್ದೆ ನೆಲದಲ್ಲಿ ಈ ಅಪಾಯ ಹೆಚ್ಚು.

(5) ವೆಲ್ಡಿಂಗ್ ಪ್ರವಾಹವು ಚಕ್ರದ ಬೇರಿಂಗ್‌ಗಳ ಮೂಲಕ ಹರಿದರೆ ಅವು ಕೆಡುತ್ತವೆ. ಬ್ಯಾಟರಿ ಸಂಪರ್ಕ ಬಿಡಿಸದಿದ್ದಲ್ಲಿ ವಾಹನದ ವಿದ್ಯುನ್ಮಾನ ಘಟಕಗಳಿಗೂ ಹಾನಿಯಾಗಬಹುದು.

(6) ಕಿಡಿಯ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿಗೆ ಹಾನಿಯಾಗುತ್ತದೆ. ಮನೆಯಂಗಳದಲ್ಲಿ ಮಕ್ಕಳು ನಿಂತು ನೋಡುವುದು ಸಾಮಾನ್ಯವಾದ್ದರಿಂದ ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

7. ಕಾನೂನಿನ ಉಪಬಂಧಗಳು

7.1 ಮೋಟಾರು ವಾಹನಗಳ ಅಧಿನಿಯಮ, 1988ರಲ್ಲಿ "ಡಿಫರೆನ್ಷಿಯಲ್ ವೆಲ್ಡಿಂಗ್" ಎಂಬ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ಆದ್ದರಿಂದ ಇದಕ್ಕೆ ಅಡ್ಡಿಯಿಲ್ಲವೆಂದು ಕೆಲವರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಪ್ರತಿಯೊಂದು ಮೋಟಾರು ವಾಹನವೂ ಎಲ್ಲ ಕಾಲದಲ್ಲಿಯೂ ಅದನ್ನು ಚಲಾಯಿಸುವವರ ಪರಿಣಾಮಕಾರಿ ನಿಯಂತ್ರಣದಲ್ಲಿರುವಂತೆ ನಿರ್ಮಿತವಾಗಿರಬೇಕು ಹಾಗೂ ನಿರ್ವಹಿಸಲ್ಪಟ್ಟಿರಬೇಕು ಎಂದು ಅಧಿನಿಯಮದ ಪ್ರಕರಣ 109 ವಿಧಿಸುತ್ತದೆ. ಮೇಲೆ 4ರಲ್ಲಿ ವಿವರಿಸಿದ ದೋಷಗಳೆಲ್ಲವೂ ಈ ನಿಯಂತ್ರಣಕ್ಕೇ ಸಂಬಂಧಿಸಿವೆ.

7.2 ಪ್ರಕರಣ 52ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ತಯಾರಕರ ಮೂಲ ನಿರ್ದಿಷ್ಟತೆಯನ್ನು ಬದಲಿಸುವ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಅನುಮೋದಿತ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಅಳವಡಿಕೆಯಂತಹ ಬದಲಾವಣೆಗಳಿಗೆ ನಿಯಮಾನುಸಾರ ಅವಕಾಶವುಂಟು.

7.3 2019ರ ತಿದ್ದುಪಡಿಯಿಂದ ಸೇರಿಸಲಾದ ಪ್ರಕರಣ 182ಎ(4)ರ ಮೇರೆಗೆ, ಅಧಿನಿಯಮ ಅಥವಾ ನಿಯಮಗಳಲ್ಲಿ ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ 6 ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು ಉಪಬಂಧಿಸಲಾಯಿತು.

7.4 ಪ್ರಕರಣ 190ನ್ನು ಹಳೆಯ ವಾಹನ ಖರೀದಿಸುವವರು ವಿಶೇಷವಾಗಿ ಗಮನಿಸತಕ್ಕದ್ದು. ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವವರು ಮತ್ತು ಚಲಾಯಿಸಲು ಬಿಡುವವರು ಇಬ್ಬರೂ ಇದರ ವ್ಯಾಪ್ತಿಗೆ ಬರುತ್ತಾರೆ. ದೋಷವು ಅವರಿಗೆ ತಿಳಿದಿರಬೇಕೆಂದೇನೂ ಇಲ್ಲ. ಸಾಧಾರಣ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿತ್ತು ಎಂದಾದರೂ ಸಾಕು. 2019ರ ತಿದ್ದುಪಡಿಯಂತೆ ಇದಕ್ಕೆ ರೂ. 1,500ರವರೆಗೆ ದಂಡ, ಆ ದೋಷದಿಂದ ಅಪಘಾತವಾಗಿ ದೈಹಿಕ ಗಾಯ ಅಥವಾ ಆಸ್ತಿಹಾನಿ ಆದಲ್ಲಿ 3 ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಲಾಯಿತು. ಅಪರಾಧ ಪುನರಾವರ್ತನೆಯಾದರೆ ಶಿಕ್ಷೆ ಹೆಚ್ಚು.

7.5 ವಾಹನವು ಸಾರ್ವಜನಿಕರಿಗೆ ಅಪಾಯಕಾರಿ ಸ್ಥಿತಿಯಲ್ಲಿದೆ ಎಂದು ಕಂಡುಬಂದಲ್ಲಿ, ಮಾಲೀಕರಿಗೆ ಅಹವಾಲು ಸಲ್ಲಿಸಲು ಅವಕಾಶ ನೀಡಿ, ಪ್ರಕರಣ 53ರಡಿ ನೋಂದಣಿಯನ್ನು ಅಮಾನತುಗೊಳಿಸಲು ನೋಂದಣಿ ಪ್ರಾಧಿಕಾರಕ್ಕೆ ಅಧಿಕಾರವಿದೆ.

7.6 ವಿಮಾ ಪಾಲಿಸಿಗಳಲ್ಲಿ ವಾಹನದ ಮಾರ್ಪಾಡಿಗೆ ಹಾಗೂ ಅದನ್ನು ಸುಸ್ಥಿತಿಯಲ್ಲಿಡುವುದಕ್ಕೆ ಸಂಬಂಧಿಸಿದ ಷರತ್ತುಗಳಿರುತ್ತವೆ. ತಿಳಿಸದೇ ಇದ್ದ ಮಾರ್ಪಾಡಿನಿಂದ ಅಪಘಾತವಾದಲ್ಲಿ ಸ್ವಂತ ವಾಹನದ ಹಾನಿಗೆ ಪರಿಹಾರ ಕೋರುವಾಗ ವಿವಾದ ಉಂಟಾಗಬಹುದು.

8. ಹಳೆಯ ವಾಹನ ಖರೀದಿಸುವ ಮುನ್ನ ಪರಿಶೀಲಿಸುವ ವಿಧಾನ

8.1 ಚಲಾಯಿಸಿ ನೋಡುವುದು: ಖಾಲಿ, ಒಣ ಹಾಗೂ ಗಟ್ಟಿ ನೆಲದ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಅತಿ ನಿಧಾನವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವೃತ್ತಾಕಾರವಾಗಿ ಚಲಾಯಿಸಬೇಕು. ಕೆಳಕಂಡ ಲಕ್ಷಣಗಳು ಕಂಡರೆ ಸಂಶಯಿಸಬಹುದು.

– ಹಿಂದಿನ ಟೈರುಗಳು ಕಿರುಗುಟ್ಟುವುದು ಅಥವಾ ನೆಲಕ್ಕೆ ಉಜ್ಜಿದ ಕಪ್ಪು ಗುರುತು ಬೀಳುವುದು
– ವಾಹನದ ಹಿಂಭಾಗವು ಕುಪ್ಪಳಿಸಿದಂತೆ ಅದುರುವುದು
– ಆಕ್ಸಿಲರೇಟರ್ ಬಿಟ್ಟ ಕೂಡಲೇ ಬ್ರೇಕ್ ಹಾಕಿದಂತೆ ವಾಹನ ನಿಲ್ಲುವುದು
– ತಿರುವಿನಲ್ಲಿ ಹಿಂಬದಿಯಿಂದ "ಟಕ್ ಟಕ್" ಶಬ್ದ ಬರುವುದು

8.2 ಚಕ್ರ ಎತ್ತಿ ನೋಡುವುದು: ಈ ಪರೀಕ್ಷೆಯನ್ನು ಸರಿಯಾದ ಸ್ಟ್ಯಾಂಡ್‌ಗಳಿರುವ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮೂಲಕವೇ ಮಾಡಿಸತಕ್ಕದ್ದು. ಮುಂಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಎಂಜಿನ್ ನಿಲ್ಲಿಸಿ ಕೀಲಿ ತೆಗೆದು, ಎರಡೂ ಹಿಂಚಕ್ರಗಳನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಹ್ಯಾಂಡ್ ಬ್ರೇಕ್ ಬಿಟ್ಟು ವಾಹನವನ್ನು ಗೇರಿನಲ್ಲಿಡಬೇಕು. ನಾಲ್ಕು ಚಕ್ರ ಚಾಲನೆಯ ವಾಹನವಾದಲ್ಲಿ ಎರಡು ಚಕ್ರ ಚಾಲನೆಯ ಸ್ಥಿತಿಯಲ್ಲಿಡಬೇಕು. ನಂತರ ಒಂದು ಹಿಂಚಕ್ರವನ್ನು ಕೈಯಿಂದ ತಿರುಗಿಸಬೇಕು.

– ಸಾಧಾರಣ ಡಿಫರೆನ್ಷಿಯಲ್ ಸುಸ್ಥಿತಿಯಲ್ಲಿದ್ದರೆ ಇನ್ನೊಂದು ಚಕ್ರವು ವಿರುದ್ಧ ದಿಕ್ಕಿಗೆ ತಿರುಗುತ್ತದೆ.
– ವೆಲ್ಡ್ ಮಾಡಿದ್ದರೆ ಚಕ್ರವು ಗೇರುಗಳ ಸಡಿಲಿನಷ್ಟು ಅಲುಗುವುದನ್ನು ಬಿಟ್ಟರೆ ತಿರುಗುವುದಿಲ್ಲ.

ಕೆಲವು ಮಾದರಿಗಳಲ್ಲಿ ತಯಾರಕರೇ ಜಾರುವಿಕೆ ಮಿತಗೊಳಿಸುವ ಡಿಫರೆನ್ಷಿಯಲ್ ಅಳವಡಿಸಿರುತ್ತಾರೆ. ಅವುಗಳಲ್ಲಿ ಚಕ್ರವು ಬಿಗಿಯಾಗಿರಬಹುದು. ಆದ್ದರಿಂದ ಮಾದರಿಯ ಕೈಪಿಡಿಯನ್ನು ನೋಡಿ ತೀರ್ಮಾನಿಸಬೇಕು. ಸಂಶಯ ಉಳಿದಲ್ಲಿ ಹೌಸಿಂಗ್‌ನ ಮುಚ್ಚಳ ಬಿಚ್ಚಿ ನೋಡುವುದೊಂದೇ ಖಚಿತ ಮಾರ್ಗ.

9. ಸೇವೆಗಳಿಗೆ ಅರ್ಜಿ ಸಲ್ಲಿಸುವವರಿಗೆ ಸೂಚನೆಗಳು

9.1 ಮಾಲೀಕತ್ವ ವರ್ಗಾವಣೆ: ನಮೂನೆ 29 ಮತ್ತು ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ರಾಜ್ಯದೊಳಗಿನ ವರ್ಗಾವಣೆಯಾದಲ್ಲಿ ಮಾರಾಟಗಾರರು 14 ದಿನಗಳೊಳಗೆ ಹಾಗೂ ಖರೀದಿದಾರರು 30 ದಿನಗಳೊಳಗೆ ವರದಿ ಮಾಡಬೇಕು. ಅರ್ಜಿಗೆ ಸಹಿ ಮಾಡುವ ಮೊದಲೇ ಮೇಲಿನ 8ರ ಪರಿಶೀಲನೆಯನ್ನು ಮುಗಿಸುವುದು ಸೂಕ್ತ. ವಾಹನದಲ್ಲಿ ಯಾವುದೇ ಮಾರ್ಪಾಡು ಮಾಡಿಲ್ಲವೆಂದು ಮಾರಾಟಗಾರರಿಂದ ಲಿಖಿತ ಹೇಳಿಕೆ ಪಡೆದಿಟ್ಟುಕೊಂಡರೆ ಮುಂದೆ ವಿವಾದ ಉಂಟಾದಲ್ಲಿ ಸಹಾಯಕವಾಗುತ್ತದೆ.

9.2 ಹೊರರಾಜ್ಯದ ವಾಹನ: ಪಾವಗಡ ತಾಲ್ಲೂಕು ಆಂಧ್ರ ಪ್ರದೇಶದ ಗಡಿಯಿಂದ ಬಹುಪಾಲು ಸುತ್ತುವರಿದಿರುವುದರಿಂದ ಅಲ್ಲಿ ನೋಂದಣಿಯಾದ ವಾಹನಗಳ ಖರೀದಿ ಸಾಮಾನ್ಯವಾಗಿದೆ. ಇಂತಹ ವಾಹನಗಳಿಗೆ ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆದು, ನಮೂನೆ 27ರಲ್ಲಿ ಹೊಸ ನೋಂದಣಿ ಸಂಖ್ಯೆಗಾಗಿ ಅರ್ಜಿ ಸಲ್ಲಿಸಬೇಕು. ನಿರಾಕ್ಷೇಪಣಾ ಪತ್ರವು ವಾಹನದ ದಾಖಲೆಗಳಿಗೆ ಸಂಬಂಧಿಸಿದ್ದೇ ಹೊರತು ಆಕ್ಸಲ್‌ನ ಒಳಸ್ಥಿತಿಗೆ ಖಾತರಿಯಲ್ಲ.

9.3 ಅರ್ಹತಾ ಪತ್ರ: ಸಾರಿಗೆ ವಾಹನಗಳಿಗೆ ಪ್ರಕರಣ 56ರಡಿ ಅರ್ಹತಾ ಪತ್ರವು ಕಡ್ಡಾಯ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 62ರಂತೆ ವಾಹನವು 8 ವರ್ಷ ಪೂರೈಸುವವರೆಗೆ 2 ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಯಲ್ಲಿ ಸಾಮಾನ್ಯವಾಗಿ ಡಿಫರೆನ್ಷಿಯಲ್ ಹೌಸಿಂಗನ್ನು ಬಿಚ್ಚುವುದಿಲ್ಲ. ಆದ್ದರಿಂದ ಪತ್ರ ದೊರೆತಿದೆ ಎಂಬ ಕಾರಣಕ್ಕೆ ತಿಳಿದ ದೋಷವನ್ನು ಹಾಗೆಯೇ ಉಳಿಸಿಕೊಳ್ಳುವುದು ಮಾಲೀಕರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

9.4 ನೋಂದಣಿ ನವೀಕರಣ: ಸ್ವಂತ ಬಳಕೆಯ ವಾಹನಗಳ ನೋಂದಣಿಯು 15 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಹಿಂಚಕ್ರ ಚಾಲಿತ ಹಳೆಯ ಕಾರು ಹಾಗೂ ಜೀಪುಗಳ ಮಾಲೀಕರು ಅದಕ್ಕೂ ಮುನ್ನವೇ ಆಕ್ಸಲ್‌ನ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

9.5 ಅರ್ಜಿಗಳನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು. ನೋಂದಣಿ ಸಂಖ್ಯೆಯ ಆರಂಭದಲ್ಲಿ ಕೆಎ 64 ಇದ್ದಲ್ಲಿ ಮಧುಗಿರಿ, ಕೆಎ 06 ಇದ್ದಲ್ಲಿ ತುಮಕೂರು ಕಚೇರಿಯಲ್ಲಿ ಆ ಸಂಖ್ಯೆ ನೀಡಲಾಗಿದೆ ಎಂದು ತಿಳಿಯತಕ್ಕದ್ದು.

10. ವೆಲ್ಡಿಂಗ್‌ಗೆ ಬದಲಾಗಿ ಅನುಸರಿಸಬಹುದಾದ ಕ್ರಮಗಳು

(1) ಸ್ಟಾರ್ ಪಿನಿಯನ್ ಅಥವಾ ಸನ್ ಗೇರು ಮುರಿದಿದ್ದಲ್ಲಿ ಹೊಸ ಬಿಡಿಭಾಗದ ಸೆಟ್ ಹಾಕಿಸಬೇಕು. ಅದು ದುಬಾರಿಯೆನಿಸಿದರೆ ಅದೇ ಮಾದರಿಯ, ಸುಸ್ಥಿತಿಯಲ್ಲಿರುವ ಹಳೆಯ ಡಿಫರೆನ್ಷಿಯಲ್ ಜೋಡಣೆಯನ್ನು ಪೂರ್ತಿಯಾಗಿ ಬದಲಿಸಿಕೊಳ್ಳಬಹುದು.

(2) ಕೆಸರು, ಮರಳಿನಲ್ಲಿ ನಿತ್ಯ ಓಡಾಡುವವರು ತಯಾರಕರೇ ಅಳವಡಿಸಿದ ಡಿಫರೆನ್ಷಿಯಲ್ ಲಾಕ್ ಅಥವಾ ನಾಲ್ಕು ಚಕ್ರ ಚಾಲನೆ ಇರುವ ವಾಹನವನ್ನು ಆರಿಸಿಕೊಳ್ಳುವುದು ಸೂಕ್ತ. ಇವು ಅಗತ್ಯವಿದ್ದಾಗ ಮಾತ್ರ ಬಂಧಿಸಿ, ಉಳಿದಂತೆ ಚಕ್ರಗಳನ್ನು ಬಿಡುಗಡೆ ಮಾಡುತ್ತವೆ.

(3) ಅಪರೂಪಕ್ಕೆ ಸಿಕ್ಕಿಕೊಳ್ಳುವವರು ಚಕ್ರದ ಮುಂದಿನ ಮಣ್ಣನ್ನು ಕೆದಕಿ, ಗೋಣಿಚೀಲ, ಹಲಗೆ ಅಥವಾ ಜಲ್ಲಿ ಹಾಕಿ, ಎಂಜಿನ್ ವೇಗ ಹೆಚ್ಚಿಸದೆ ನಿಧಾನವಾಗಿ ಹೊರತೆಗೆಯಬೇಕು. ಮರಳಿನಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ರಸ್ತೆಗೆ ಬಂದ ಕೂಡಲೇ ಗಾಳಿಯನ್ನು ನಿಗದಿತ ಪ್ರಮಾಣಕ್ಕೆ ತುಂಬಿಸತಕ್ಕದ್ದು. ನೆರೆಯವರ ಟ್ರ್ಯಾಕ್ಟರ್‌ನಿಂದ ಎಳೆಸುವುದು ಆಕ್ಸಲ್ ಕೆಡಿಸಿಕೊಳ್ಳುವುದಕ್ಕಿಂತ ಅಗ್ಗ.

(4) ಮೋಟಾರು ಕ್ರೀಡೆಯಲ್ಲಿ ಆಸಕ್ತಿಯುಳ್ಳವರು ಅಧಿಕೃತ ಸಂಸ್ಥೆಗಳು ನಡೆಸುವ, ಮುಚ್ಚಿದ ಸ್ಥಳದ ಸ್ಪರ್ಧೆಗಳಲ್ಲಿ ಮಾತ್ರ ಭಾಗವಹಿಸಬೇಕು. ಅಲ್ಲಿ ಬಳಸುವ ಮಾರ್ಪಡಿತ ವಾಹನವನ್ನು ರಸ್ತೆಯಲ್ಲಿ ಓಡಿಸದೆ ಬೇರೆ ವಾಹನದ ಮೇಲೆ ಸಾಗಿಸಬೇಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಜೀಪಿನ ಡಿಫರೆನ್ಷಿಯಲನ್ನು ವೆಲ್ಡ್ ಮಾಡಿಸಿ ಬಹಳ ಕಾಲವಾಗಿದೆ, ಏನೂ ಆಗಿಲ್ಲ. ಮುಂದುವರಿಸಬಹುದೇ?
ಉತ್ತರ: ಮುಂದುವರಿಸುವುದು ಸೂಕ್ತವಲ್ಲ. ಲೋಹದ ದಣಿವು ದಿನದಿಂದ ದಿನಕ್ಕೆ ಸೇರುತ್ತ ಹೋಗುತ್ತದೆ. ಇದುವರೆಗೆ ಮುರಿಯದಿರುವುದು ಗಟ್ಟಿತನಕ್ಕೆ ಸಾಕ್ಷಿಯಲ್ಲ. ಡಿಫರೆನ್ಷಿಯಲ್ ಜೋಡಣೆಯನ್ನು ಬದಲಿಸಿ, ಆಕ್ಸಲ್ ಷಾಫ್ಟ್‌ಗಳನ್ನೂ ಬಿರುಕಿಗಾಗಿ ಪರೀಕ್ಷಿಸಿಕೊಳ್ಳಬೇಕು.

ಪ್ರಶ್ನೆ: ಬೆಸುಗೆಯನ್ನು ಗ್ರೈಂಡರ್‌ನಿಂದ ಕತ್ತರಿಸಿ ಅದೇ ಗೇರುಗಳನ್ನು ಮತ್ತೆ ಬಳಸಬಹುದೇ?
ಉತ್ತರ: ಬಳಸಬಾರದು. ಶಾಖದಿಂದ ಕೆಟ್ಟ ಗೇರಿನ ಗುಣವು ಮರಳುವುದಿಲ್ಲ.

ಪ್ರಶ್ನೆ: ಅನುಮತಿ ಕೋರಿ ಅರ್ಜಿ ಸಲ್ಲಿಸಿದರೆ ಮಾರ್ಪಾಡು ಕ್ರಮಬದ್ಧವಾಗುವುದೇ?
ಉತ್ತರ: ಅರ್ಜಿಯಿಂದ ಯಾಂತ್ರಿಕ ದೋಷವು ನಿವಾರಣೆಯಾಗುವುದಿಲ್ಲ. ತಯಾರಕರ ಮೂಲ ಜೋಡಣೆಗೆ ಮರಳುವುದೇ ಪರಿಹಾರ.

ಪ್ರಶ್ನೆ: ಖರೀದಿಸಿದ ನಂತರ ವೆಲ್ಡಿಂಗ್ ಆಗಿರುವುದು ತಿಳಿದುಬಂದಿದೆ. ಏನು ಮಾಡಬೇಕು?
ಉತ್ತರ: ದುರಸ್ತಿಯಾಗುವವರೆಗೆ ವಾಹನವನ್ನು ರಸ್ತೆಗೆ ಇಳಿಸಬಾರದು. ತಿಳಿದ ನಂತರವೂ ಚಲಾಯಿಸಿದರೆ ಪ್ರಕರಣ 190ರ ಹೊಣೆ ನಿಮ್ಮದಾಗುತ್ತದೆ. ಮೆಕ್ಯಾನಿಕ್‌ನಿಂದ ಲಿಖಿತ ವಿವರ ಮತ್ತು ಛಾಯಾಚಿತ್ರ ಪಡೆದು ಮಾರಾಟಗಾರರನ್ನು ಸಂಪರ್ಕಿಸಬಹುದು.

12. ಮುಕ್ತಾಯ

ವಾಹನವನ್ನು ಮಾರುವವರು ಈ ಮಾರ್ಪಾಡನ್ನು ಮರೆಮಾಚದೆ, ಮೂಲ ಸ್ಥಿತಿಗೆ ತಂದ ನಂತರವೇ ಮಾರಾಟ ಮಾಡಬೇಕೆಂದು ಕೋರಲಾಗಿದೆ. ಗ್ಯಾರೇಜು ಹಾಗೂ ವೆಲ್ಡಿಂಗ್ ಅಂಗಡಿಗಳ ಮಾಲೀಕರು ಗಿರಾಕಿಗಳು ಒತ್ತಾಯಿಸಿದರೂ ರಸ್ತೆಯಲ್ಲಿ ಓಡುವ ವಾಹನಗಳಿಗೆ ಈ ಕೆಲಸ ಮಾಡಿಕೊಡದೆ, ಅಪಾಯವನ್ನು ತಿಳಿಸಿ ಹೇಳಬೇಕು. ರಸ್ತೆ ಅಪಘಾತ ಕಂಡಲ್ಲಿ ಆಂಬ್ಯುಲೆನ್ಸ್‌ಗಾಗಿ 108 ಅಥವಾ ತುರ್ತು ಸಹಾಯಕ್ಕಾಗಿ 112ಕ್ಕೆ ಕರೆ ಮಾಡತಕ್ಕದ್ದು.

ವಿಶೇಷ ಸೂಚನೆ: ಈ ಪುಟದಲ್ಲಿನ ವಿವರಣೆಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ವಿಷಯದಲ್ಲಿ ಅಧಿನಿಯಮ ಮತ್ತು ನಿಯಮಗಳ ಕಾಲಕಾಲಕ್ಕೆ ತಿದ್ದುಪಡಿಯಾದ ಮೂಲ ಪಾಠವೇ ಅಂತಿಮವಾಗಿರುತ್ತದೆ. ಶುಲ್ಕ ಹಾಗೂ ಲಗತ್ತಿಸಬೇಕಾದ ದಾಖಲೆಗಳ ವಿವರಗಳನ್ನು ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ನೋಂದಣಿ ಪ್ರಾಧಿಕಾರದಿಂದ ಖಚಿತಪಡಿಸಿಕೊಳ್ಳತಕ್ಕದ್ದು.